ಕಾಫಿ ತೋಟದಲ್ಲಿರುವವರಿಗೆ ಪ್ರಥಮ ಚಿಕಿತ್ಸೆ ತರಬೇತಿ ಬೇಕಾ, ವಿಡಿಯೋ ನೋಡಿದರೆ ಸಾಲದಾ?

ಸಾಲದು. ವಿಡಿಯೋ ನೋಡಿದರೆ ತಲೆಗೆ ಹೋಗುತ್ತದೆ, ಕೈಗೆ ಬರುವುದಿಲ್ಲ. ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಉಳಿಸಲು ನೋಡುವ ವಿಷಯವನ್ನೇ ತಗೊಳ್ಳಿ. ಎದೆಯ ನಡುವೆ ಅಂಗೈ ಇಟ್ಟು, ಮೊಣಕೈ ಮಡಚದೆ, ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಓದೋಕೆ ಸುಲಭ. ತರಬೇತಿಯ ಗೊಂಬೆಯ ಮೇಲೆ ಒತ್ತಿ ನೋಡಿ, ಎರಡೇ ನಿಮಿಷಕ್ಕೆ ತೋಳು ಸೋತುಹೋಗುತ್ತದೆ.

ನಮ್ಮ ಕೊಡಗಿನಲ್ಲಿ ಇದು ಇನ್ನೂ ಮುಖ್ಯ. 108ಕ್ಕೆ ಫೋನ್ ಮಾಡಿದರೂ ಮಳೆಗಾಲದಲ್ಲಿ ಆಂಬುಲೆನ್ಸ್ ತೋಟದ ಲೈನ್ ಮನೆವರೆಗೆ (ಕೆಲಸದವರ ಸಾಲು ಮನೆ) ಬರೋಕೆ ಹೊತ್ತು ಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಎಷ್ಟೋ ಊರುಗಳಿಗೆ ದಾರಿಯೇ ಇರಲಿಲ್ಲ, ಅಲ್ವಾ? ಆಗ ಪಕ್ಕದಲ್ಲಿದ್ದವರೇ ದಿಕ್ಕು.

ತರಬೇತಿಗೆ ಸೇರುವ ಮೊದಲು ಹಾವು ಕಡಿತದ ಬಗ್ಗೆ ಕಲಿಸುತ್ತಾರಾ ಅಂತ ಕೇಳಿ. ಕಡಿದ ಜಾಗ ಕೊಯ್ಯಬಾರದು, ಹಗ್ಗ ಬಿಗಿಯಬಾರದು, ಕಡಿಸಿಕೊಂಡವರನ್ನು ನಡೆಸಬಾರದು. ಕಡಿದ ಕೈ ಅಥವಾ ಕಾಲು ಅಲುಗದಂತೆ ಇಟ್ಟು ಬೇಗ ಆಸ್ಪತ್ರೆಗೆ ಸಾಗಿಸಬೇಕು. ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರನ್ನೂ ಸುಮ್ನೆ ಎತ್ತಿ ಕೂರಿಸಬೇಡಿ, ಬೆನ್ನುಮೂಳೆಗೆ ಪೆಟ್ಟಾಗಿರಬಹುದು.

ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳು ಇಂಥ ತರಬೇತಿ ಕೊಡುತ್ತವೆ. ತೋಟದ ಮಾಲೀಕರು ಒಬ್ಬರೇ ಹೋಗಬೇಡಿ, ಮೇಸ್ತ್ರಿಯನ್ನೂ ಕರ್ಕೊಂಡು ಹೋಗಿ. ಇಡೀ ದಿನ ಕೆಲಸದವರ ಜೊತೆ ಇರುವುದು ಅವರೇ.