ಗಾಳಿಯಾಡದ ಡಬ್ಬದಲ್ಲಿಟ್ಟರೂ ಕಲೆಕ್ಷನ್ ಬಾಕ್ಸ್‌ಗಳಿಗೆ ಬೂಷ್ಟು ಬರುವುದು ಯಾಕೆ?

ಕಾಸರಗೋಡಿನ ಕುಂಬಳೆಯಲ್ಲಿ ಮನೆ, ಸೀಲ್ ಬಿಡಿಸದ ಲೆಗೋ ಮತ್ತು ಪೋಕೆಮಾನ್ ಕಾರ್ಡ್ ಬಾಕ್ಸ್‌ಗಳಿವೆ, ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟರೂ ಬೂಷ್ಟು ಬಂತು ಎಂದಿದ್ದೀರಿ. ನಾನೂ ಅದೇ ಜಿಲ್ಲೆಯ ಬದಿಯಡ್ಕ ಕಡೆಯವನು. ಹಾಟ್ ವೀಲ್ಸ್ ಕಾರು, ಹಳೇ ಬೆಂಕಿಪೆಟ್ಟಿಗೆ ಕೂಡಿಡುವ ಹುಚ್ಚು ನನ್ನದು.

ಒಂದು ಪ್ರಶ್ನೆ: ಡಬ್ಬ ಮುಚ್ಚಿದ್ದು ಯಾವ ತಿಂಗಳಲ್ಲಿ? ಜೂನ್, ಜುಲೈಯಲ್ಲಾದರೆ ನೀರನ್ನು ಒಳಗಿಟ್ಟೇ ಬೀಗ ಹಾಕಿದ್ದೀರಿ. 50 ಲೀಟರ್ ಡಬ್ಬದ ಗಾಳಿಯಲ್ಲಿ ಜೋರು ಮಳೆಯ ಆಟಿ ತಿಂಗಳಲ್ಲೂ (ಜುಲೈ–ಆಗಸ್ಟ್) ಇರುವುದು ಹೆಚ್ಚೆಂದರೆ ಒಂದೂವರೆ ಗ್ರಾಂ ನೀರು. ಅದು ಲೆಕ್ಕಕ್ಕೇ ಇಲ್ಲ. ಲೆಕ್ಕಕ್ಕೆ ಬರುವುದು ರಟ್ಟು. ನಮ್ಮ ಮಳೆಗಾಲದ ಗಾಳಿಯಲ್ಲಿ ಅದು ತನ್ನ ತೂಕದ ಶೇ. 13–14ರಷ್ಟು ನೀರು ಕುಡಿದಿರುತ್ತದೆ. ಗಾಳಿಯ ತೇವಾಂಶ ಶೇ. 50ಕ್ಕೆ ಇಳಿದರೆ ರಟ್ಟಿನಲ್ಲಿ ಉಳಿಯುವುದು ಶೇ. 7–8 ಮಾತ್ರ. ಅಂದರೆ 3 ಕಿಲೋ ರಟ್ಟಿನಿಂದ ಸುಮಾರು 180 ಗ್ರಾಂ ನೀರು ಹೊರಬರಬೇಕು. ಅಷ್ಟನ್ನು ಹೀರಲು ಮುಕ್ಕಾಲು ಕಿಲೋ ಸಿಲಿಕಾ ಜೆಲ್ ಬೇಕು. ಶೂ ಬಾಕ್ಸ್‌ನಲ್ಲಿ ಸಿಕ್ಕಿದ 5 ಗ್ರಾಂ ಪೊಟ್ಟಣ ಏನು ಮಾಡೀತು, ಹೇಳಿ! ಸರಿಯಾಗಿ ಒಣಗದ ಅಡಿಕೆಯನ್ನು ಗೋಣಿಗೆ ತುಂಬಿ ಬಾಯಿ ಕಟ್ಟಿದರೆ ಏನಾಗುತ್ತದೆ ಎಂದು ನಮ್ಮೂರಲ್ಲಿ ಯಾರಿಗೂ ಹೇಳಬೇಕಾಗಿಲ್ಲ, ಅಲ್ವಾ?

ಹಾಗಾಗಿ ಜನವರಿ, ಫೆಬ್ರವರಿಯ ಒಣ ಮಧ್ಯಾಹ್ನಗಳಲ್ಲಿ ಬಾಕ್ಸ್‌ಗಳನ್ನು ಫ್ಯಾನ್ ಗಾಳಿಗೆ ಹರಡಿಡಿ. ಬಿಸಿಲಿಗೆ ಬೇಡ, ಬಣ್ಣ ಹೋಗುತ್ತದೆ, ರಟ್ಟು ಸೊಟ್ಟಗಾಗುತ್ತದೆ. ಆಮೇಲೆ ಡಬ್ಬಕ್ಕೆ ತುಂಬಿ. ಏನೇ ಆದರೂ ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ, ಮಳೆಗಾಲದ ಮುಂಚೆ ಬರುವ ತುಳುನಾಡಿನ ದಿನ) ಮೊದಲು ಮುಚ್ಚಳ ಬಿದ್ದಿರಬೇಕು. ಮತ್ತೆ ತೆಗೆಯುವುದು ದೀಪಾವಳಿ ಕಳೆದ ಮೇಲೆ. ನಡುವೆ ನೆಂಟರಿಗೆ ತೋರಿಸಲಿಕ್ಕೆಂದು ಸುಮ್ನೆ ತೆರೆಯಬೇಡಿ. ಸೀಲ್ ಇದೆಯಲ್ಲ ಎಂಬ ಧೈರ್ಯವೂ ಬೇಡ. ಶ್ರಿಂಕ್ ರ್ಯಾಪ್‌ನಲ್ಲಿ (ಬಾಕ್ಸ್ ಸುತ್ತ ಬಿಗಿದ ತೆಳು ಪ್ಲಾಸ್ಟಿಕ್) ಸಾಮಾನ್ಯವಾಗಿ ಸಣ್ಣ ತೂತುಗಳಿರುತ್ತವೆ, ತೇವ ಅಲ್ಲಿಂದ ಒಳಗೆ ಹೋಗುತ್ತದೆ.

ಒಳಗೆ ತೇವಾಂಶ ಅಳೆಯುವ ಒಂದು ಪುಟ್ಟ ಡಿಜಿಟಲ್ ಹೈಗ್ರೋಮೀಟರ್ ಇಡಿ, ಹೊರಗಿಂದಲೇ ಕಾಣುವ ಹಾಗೆ. ಶೇ. 45ರಿಂದ 55 ಇದ್ದರೆ ನಿಶ್ಚಿಂತೆ. 65 ದಾಟಿದರೆ ಬೂಷ್ಟಿಗೆ ದಾರಿ. 30ಕ್ಕಿಂತ ಕೆಳಗೂ ಬೇಡ, ರಟ್ಟು ಪೆಡಸಾಗುತ್ತದೆ. ಬಣ್ಣ ಬದಲಿಸುವ ಸಿಲಿಕಾ ಜೆಲ್ ಕೊಳ್ಳುವುದಾದರೆ ಕಿತ್ತಳೆ ಬಣ್ಣದ್ದೇ ವಾಸಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಬಣ್ಣ ತಿರುಗಿದ ಮೇಲೆ ಓವನ್‌ನಲ್ಲಿ 110–120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ಬೀರುವಿನಲ್ಲಿ ತೂಗುಹಾಕುವ, ನೀರು ತುಂಬಿಕೊಳ್ಳುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲವನ್ನು ಮಾತ್ರ ಬಾಕ್ಸ್‌ಗಳ ಜೊತೆ ಇಡಬೇಡಿ. ಸೋರಿದರೆ ಮುಗಿಯಿತು. ನುಸಿಗುಳಿಗೆಯೂ ಬೇಡ, ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ.

ಡಬ್ಬ ಪಾಲಿಪ್ರೊಪಿಲೀನ್‌ದು ಇರಲಿ. ಪಿವಿಸಿ ಕವರ್ ಕಾಲ ಕಳೆದಂತೆ ಅಂಟಂಟಾಗುತ್ತದೆ.

ಜಾಗದ ವಿಷಯ. ಮಳೆ ಹೊಡೆಯುವ ಕೆಂಪುಕಲ್ಲಿನ ಗೋಡೆಗೆ ತಾಗಿಸಬೇಡಿ, ಒಂದು ಗೇಣು ಬಿಡಿ. ನೆಲಕ್ಕೂ ಬೇಡ, ಗೆದ್ದಲು ಇದೆಯಲ್ಲ. ಅಟ್ಟ ಒಣಗಿರುತ್ತದೆ ಎಂದು ಹಿರಿಯರು ಹೇಳುತ್ತಾರೆ. ಅದು ಕೆಳಗೆ ಒಲೆ ಉರಿಯುತ್ತಿದ್ದ ಕಾಲದ ಮಾತು. ಈಗಿನ ಟೆರೇಸಿನ ಅಡಿಯಲ್ಲಿ ಏಪ್ರಿಲ್‌ನ ಕಾವಿಗೆ ನನ್ನ ಕಾರುಗಳ ಬ್ಲಿಸ್ಟರ್ (ಕಾರನ್ನು ರಟ್ಟಿಗೆ ಹಿಡಿದಿಡುವ ಪ್ಲಾಸ್ಟಿಕ್ ಗೂಡು) ಅಂಟೇ ಬಿಟ್ಟೀತು. ಮನೆಯ ನಡುಕೋಣೆ ಒಳ್ಳೆಯದು. ಏಸಿ ಕೋಣೆಯಲ್ಲಿದ್ದ ಡಬ್ಬವನ್ನು ಹೊರಗೆ ತಂದ ಕೂಡಲೇ ತೆರೆದರೆ ತಣ್ಣಗಿನ ರಟ್ಟಿನ ಮೇಲೆ ಬೆವರು ಕೂರುತ್ತದೆ. ಕೆಲವು ಗಂಟೆ ಹಾಗೇ ಬಿಡಿ.

ಈಗ ಬೂಷ್ಟು ಬಂದವನ್ನು ಮೊದಲು ಬೇರೆ ಮಾಡಿ. ಒದ್ದೆ ಬಟ್ಟೆ ತಾಗಿಸಬೇಡಿ. ಏಸಿಯ ಡ್ರೈ ಮೋಡ್‌ನಲ್ಲಿ ಎರಡು ಮೂರು ದಿನ ಒಣಗಿಸಿ, ಮಾಸ್ಕ್ ಹಾಕಿಕೊಂಡು, ಜಗಲಿಯಲ್ಲಿ ಮೆತ್ತನೆಯ ಬ್ರಷ್‌ನಿಂದ ಕೊಡವಿ. ಕಲೆ ಪೂರ್ತಿ ಹೋಗುವುದಿಲ್ಲ. ಮಾರುವಾಗ ಅದನ್ನು ಮುಚ್ಚಿಡದೆ ಹೇಳಿಬಿಡಿ.