ಓದುಗರ ಪ್ರಶ್ನೆ: ಫ್ಲಾರೆನ್ಸ್ ಪಕ್ಕದ ಜವಳಿಯ ಊರು

ಪ್ರಶ್ನೆ: ಫ್ಲಾರೆನ್ಸ್‌ನಲ್ಲಿ ಮೂರು ದಿನ ಇರುತ್ತೇವೆ. ನೇಕಾರಿಕೆ ಮನೆತನದ ನಮಗೆ ಪ್ರಾತೊ ನೋಡುವಾಸೆ. ಒಂದು ದಿನ ಸಾಕೇ? (ಗುಳೇದಗುಡ್ಡದ ಓದುಗರು)

ಉತ್ತರ: ಸಾಕು. ಆದರೆ ಸೋಮವಾರ ಜವಳಿ ಮ್ಯೂಸಿಯಂಗೆ ರಜೆ, ಮಂಗಳವಾರ ಊರಿನ ಕಲಾ ಮ್ಯೂಸಿಯಂ ಪಲಾತ್ಸೊ ಪ್ರೆತೋರಿಯೊಗೆ. ಬುಧವಾರದಿಂದ ಶನಿವಾರದೊಳಗೆ ಹೋಗಿ. ಫ್ಲಾರೆನ್ಸ್‌ನ ಸಾಂತಾ ಮರಿಯಾ ನೊವೆಲ್ಲಾ ನಿಲ್ದಾಣದಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗಿನ ದಾರಿ. ಪ್ರಾತೊ ಚೆಂತ್ರಾಲೆಯಲ್ಲಿ ಇಳಿಯದೆ ಮುಂದಿನ ಪೋರ್ತಾ ಅಲ್ ಸೆರ್ರಾಲ್ಯೊದಲ್ಲಿ ಇಳಿದರೆ ಕೆಥೆಡ್ರಲ್ ಐದು ನಿಮಿಷದ ನಡಿಗೆ. ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ, ಹತ್ತುವ ಮುನ್ನ ಫಲಕ ನೋಡಿ. ಕಾಗದದ ಟಿಕೆಟ್‌ಗೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸುವುದನ್ನು ಮರೆತರೆ ದಂಡ ಬೀಳುತ್ತದೆ.

ಬೆಳಗ್ಗೆಯೇ ಕೆಥೆಡ್ರಲ್ ಮುಗಿಸಿ. ಅಲ್ಲಿ ಎಷ್ಟೋ ಚರ್ಚುಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಕೆಥೆಡ್ರಲ್ ಗೋಡೆಯ ಹಸಿರು ಪಟ್ಟಿ ಬಣ್ಣ ಬಳಿದದ್ದಲ್ಲ, ಹತ್ತಿರದ ಮೊಂತೆಫೆರ್ರಾತೊ ಬೆಟ್ಟದ ಕಲ್ಲು. ಹೊರಮೂಲೆಯಲ್ಲಿ ಶಿಲ್ಪಿಗಳಾದ ದೊನಾತೆಲ್ಲೊ, ಮಿಕೆಲೊತ್ಸೊ ಮಾಡಿದ ಉಪದೇಶ ಪೀಠವಿದೆ. ಅದರ ಮೇಲಿನ ಕುಣಿಯುವ ಮಕ್ಕಳ ಫಲಕಗಳು ಪ್ರತಿಕೃತಿ, ಮೂಲ ಫಲಕಗಳು ಪಕ್ಕದ ಮ್ಯೂಸಿಯಂನಲ್ಲಿವೆ. ಮೇರಿ ಮಾತೆಯದೆಂದು ನಂಬುವ ಸೊಂಟಪಟ್ಟಿಯನ್ನು ಈ ಪೀಠದಿಂದ ವರ್ಷಕ್ಕೆ ಐದು ಸಲ ತೋರಿಸುತ್ತಾರೆ: ಈಸ್ಟರ್, ಮೇ 1, ಆಗಸ್ಟ್ 15, ಸೆಪ್ಟೆಂಬರ್ 8, ಡಿಸೆಂಬರ್ 25. ಊರಿನ ಆರಾಧ್ಯವಸ್ತುವೂ ಒಂದು ಬಟ್ಟೆಯೇ! ಒಳಗೆ ಫಿಲಿಪ್ಪೊ ಲಿಪ್ಪಿಯ ಭಿತ್ತಿಚಿತ್ರಗಳಲ್ಲಿ ಬೈಬಲ್ ಕಥೆಯ ಸಲೋಮೆಯ ನಾಟ್ಯ ನೋಡಿ; ಹಾರುವ ಬಿಳಿ ಉಡುಪಿನ ನೆರಿಗೆಗಳನ್ನು ನೇಕಾರರ ಕಣ್ಣು ಸುಲಭಕ್ಕೆ ಬಿಡುವುದಿಲ್ಲ.

ಪ್ರಶ್ನೆ: ಅಲ್ಲಿ ಹಳೆ ಉಣ್ಣೆಯಿಂದ ಹೊಸ ಬಟ್ಟೆ ನೇಯುತ್ತಾರಂತೆ. ಹೇಗೆ? ಕೊಳ್ಳಬಹುದೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಪ್ರಾತೊದ ನಿಜವಾದ ಕಸುಬು ಇದೇ. ಮೊದಲು ಗುಂಡಿ, ಜಿಪ್, ಒಳಪದರ ಕಿತ್ತು, ಚಿಂದಿಯನ್ನು ಬಣ್ಣವಾರು ವಿಂಗಡಿಸುತ್ತಾರೆ. ಈ ಕೆಲಸದವರಿಗೆ ಚೆಂಚಾಯೊಲಿ ಎನ್ನುತ್ತಾರೆ. ಅವರ ಕೈಗೆ ಉಣ್ಣೆಯ ಗುಣ ತಿಳಿಯಬೇಕು, ಕಣ್ಣಿಗೆ ಬಣ್ಣದ ಛಾಯೆ. ಏಕೆಂದರೆ ಚಿಂದಿಯ ಬಣ್ಣಗಳನ್ನೇ ಬೆರೆಸಿ ಬೇಕಾದ ಛಾಯೆ ತರುತ್ತಾರೆ, ಮತ್ತೆ ಬಣ್ಣ ಹಾಕುವ ಅಗತ್ಯ ಬಹುಮಟ್ಟಿಗೆ ಬೀಳುವುದಿಲ್ಲ. ಹತ್ತಿ ಎಳೆ ಬೆರೆತಿದ್ದರೆ ಆಮ್ಲ, ಶಾಖ ಕೊಡುತ್ತಾರೆ: ಹತ್ತಿ ಕರಿದು ಪುಡಿಯಾಗುತ್ತದೆ, ಉಣ್ಣೆ ಉಳಿಯುತ್ತದೆ. ಆಮೇಲೆ ನೀರಿನೊಂದಿಗೆ ಹರಿದು ಎಳೆ ಬಿಡಿಸಿ, ಒಣಗಿಸಿ, ಹಿಂಜಿ ನೂಲುತ್ತಾರೆ. ಹರಿದ ಎಳೆ ಗಿಡ್ಡವಾಗುವುದರಿಂದ ಬಲಕ್ಕಾಗಿ ಹೊಸ ಉಣ್ಣೆಯನ್ನೋ ನೈಲಾನನ್ನೋ ಸೇರಿಸುವುದುಂಟು.

ಕೊಳ್ಳುವಾಗ ಬಟ್ಟೆಯನ್ನು ಬೆರಳ ನಡುವೆ ಗಟ್ಟಿಯಾಗಿ ಉಜ್ಜಿ ನೋಡಿ. ಆಗಲೇ ಗುಂಜು ಎದ್ದರೆ ಕೋಟಿನ ಮೊಣಕೈ ಬೇಗ ಹಾಳಾಗುತ್ತದೆ. ‘ಸ್ಕಾಂಪೊಲಿ’ ಎಂದರೆ ತುಂಡುಬಟ್ಟೆ, ಅಗ್ಗ. ಆದರೆ 150 ಸೆಂ.ಮೀ. ಪನ್ನದಲ್ಲಿ ದೊಡ್ಡವರ ಉದ್ದ ಕೋಟಿಗೆ ಸುಮಾರು 2.5 ಮೀಟರ್ ಬೇಕು, ಅಳೆಯಿಸಿಯೇ ದುಡ್ಡು ಕೊಡಿ. ಬಿಸಿನೀರಲ್ಲಿ ಒಗೆದರೆ ಕುಗ್ಗಿ ಗಟ್ಟಿಯಾಗುತ್ತದೆ.

ಜವಳಿ ಯಂತ್ರಗಳನ್ನೂ ಹಳೆಯ ನೇಯ್ಗೆಗಳನ್ನೂ ನೋಡಲು ಹಿಂದೆ ಗಿರಣಿಯಾಗಿದ್ದ ಕಂಪೋಲ್ಮಿ ಕಟ್ಟಡದ ಜವಳಿ ಮ್ಯೂಸಿಯಂಗೆ ಎರಡು ಗಂಟೆಯಾದರೂ ಇಟ್ಟುಕೊಳ್ಳಿ.