‘ಮೊದಲು ಆರು ತಿಂಗಳು ಫೀಲ್ಡ್, ಆಮೇಲೆ ಕಾರ್ಖಾನೆ’ ಎನ್ನುತ್ತಾರೆ, ನಂಬಬಹುದೇ?

ನಿಮ್ಮ ಪ್ರಶ್ನೆ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಮಂಡ್ಯದ ಕಡೆಯವರು, ಬಿ.ಫಾರ್ಮ್ ಮುಗಿದಿದೆ. ಔಷಧ ಕಂಪನಿಯೊಂದರ ಜಾಹೀರಾತಿನಲ್ಲಿ ‘ಪ್ರೊಡಕ್ಷನ್ ಟ್ರೈನಿ, ಮೈಸೂರು’ ಎಂದಿತ್ತು, ಸಂದರ್ಶನದಲ್ಲಿ ಮೊದಲು ಆರು ತಿಂಗಳು ಫೀಲ್ಡ್, ಅಂದರೆ ವೈದ್ಯರ ಬಳಿಗೂ ಅಂಗಡಿಗಳಿಗೂ ತಿರುಗುವ ಪ್ರತಿನಿಧಿಯ ಕೆಲಸ, ಎಂದರು, ಸಂಬಳ 22,000. ಇನ್ನೊಂದು ಕಡೆ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆದಾರರ ಮೂಲಕ 14,000ದ ಕೆಲಸ. ಕಂಪನಿಯ ನೇರ ನೇಮಕವೇ ಭದ್ರವಲ್ಲವೇ ಎಂದು ಕೇಳಿದ್ದೀರಿ. ಮೊತ್ತವೊಂದನ್ನು ಬಿಟ್ಟರೆ ಇದೇ ಎರಡು ದಾರಿ ನನ್ನ ಮುಂದೆಯೂ ಇದ್ದವು.

ನಾನು ಪಾಸಾದದ್ದು 2014ರಲ್ಲಿ. ಮನೆ ಮದ್ದೂರು ತಾಲ್ಲೂಕಿನ ಹಳ್ಳಿ, ಅಪ್ಪನದು ಎರಡು ಎಕರೆ ಕಬ್ಬು. ಪತ್ರಿಕೆಯಲ್ಲಿ ‘ಪ್ರೊಡಕ್ಷನ್ ಕೆಮಿಸ್ಟ್ ಬೇಕಾಗಿದ್ದಾರೆ, ಅನುಭವ ಅಗತ್ಯವಿಲ್ಲ’ ಎಂಬ ಸಣ್ಣ ಜಾಹೀರಾತು ನೋಡಿ ಬೆಳಗಿನ ರೈಲಿಗೆ ಮೈಸೂರಿಗೆ ಹೋದೆ. ಸಂದರ್ಶನ ಧನ್ವಂತರಿ ರಸ್ತೆಯ ಲಾಡ್ಜ್ ಒಂದರ ಮಹಡಿಯಲ್ಲಿ. ಫೈಲು ಹಿಡಿದ ಮೂವತ್ತು ನಲವತ್ತು ಹುಡುಗರು ಮೆಟ್ಟಿಲ ಮೇಲೆಲ್ಲ ಕುಳಿತಿದ್ದರು. ಒಳಗೆ ನನ್ನನ್ನು ಕೇಳಿದ್ದು ಮೂರೇ ಪ್ರಶ್ನೆ: ಬೈಕ್ ಇದೆಯೇ, ಲೈಸೆನ್ಸ್ ಇದೆಯೇ, ಮಂಡ್ಯ ಜಿಲ್ಲೆಯ ದಾರಿಗಳು ಗೊತ್ತೇ. ಮಾತ್ರೆ ಮಾಡುವವನಿಗೆ ಬೈಕ್ ಯಾಕೆ ಎಂದು ನನಗೆ ಹೊಳೆಯಲಿಲ್ಲ. ಮೈಸೂರಿನಲ್ಲಿ ಹೊಸ ಘಟಕ ಸಿದ್ಧವಾಗುತ್ತಿದೆ, ಅಲ್ಲಿಯವರೆಗೆ ಮಾರುಕಟ್ಟೆ ಕಲಿಯಿರಿ ಎಂದರು. ಹೊರಡುವಾಗ ಅಧಿಕಾರಿ ಪ್ಯಾಂಟೊಪ್ರಜೋಲ್ ಮಾತ್ರೆಯ ಒಂದು ಸ್ಟ್ರಿಪ್ ಕೈಗಿಟ್ಟು, ‘ನಮ್ಮ ಕಂಪನಿಯ ಮಾತ್ರೆ, ಇಟ್ಟುಕೊಳ್ಳಿ’ ಎಂದರು.

ನಾನು ತಪ್ಪಿದ್ದು ಅಲ್ಲಿಯೇ. ಆ ಸ್ಟ್ರಿಪ್ಪನ್ನು ತಿರುಗಿಸಿ ನೋಡಲಿಲ್ಲ. ರೈಲಿನಲ್ಲಿ ಮಂಡ್ಯದವರೆಗೂ ಅದು ನನ್ನ ಕೈಯಲ್ಲೇ ಇತ್ತು. ಮುಂಭಾಗದ ದೊಡ್ಡ ಅಕ್ಷರದ ಹೆಸರನ್ನು ಎಷ್ಟು ಸಲ ಓದಿದೆನೋ. ಮನೆಗೆ ಬಂದಾಗ ಅಮ್ಮ ಅದನ್ನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದರು. ವಾರಗಟ್ಟಲೆ ಅದು ಅಲ್ಲೇ ಇತ್ತು, ಹಿಂಭಾಗ ಗೋಡೆಗೆ ಒರಗಿಕೊಂಡು. ಔಷಧ ನಿಯಮಗಳು, 1945ರ ನಿಯಮ 96ರ ಪ್ರಕಾರ ತಯಾರಕರ ಹೆಸರು, ವಿಳಾಸ, ತಯಾರಿಕಾ ಪರವಾನಗಿಯ ಸಂಖ್ಯೆ ಲೇಬಲ್ ಮೇಲೆ ಇರಲೇಬೇಕು. ಅದನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವನು ನಾನು. ಕಾನೂನು ಗೊತ್ತಿತ್ತು, ವಸ್ತು ಕೈಯಲ್ಲಿತ್ತು, ಕಣ್ಣು ಹಾಯಿಸಲಿಲ್ಲ. ಆ ಎರಡು ಸಾಲು ಓದಿದ್ದರೆ ನನ್ನ ಮೂರು ವರ್ಷ ಉಳಿಯುತ್ತಿತ್ತು.

ಓದಿದ್ದು ಕೆಲಸಕ್ಕೆ ಸೇರಿದ ಮೂರನೇ ತಿಂಗಳು, ಮಂಡ್ಯದ ಸ್ಟಾಕಿಸ್ಟ್ (ಸಗಟು ವಿತರಕರ) ಅಂಗಡಿಯಲ್ಲಿ ಅವಧಿ ಮುಗಿದ ಸರಕು ಎಣಿಸುವಾಗ. ತಯಾರಕರು: ಬೇರೆ ಯಾವುದೋ ಸಂಸ್ಥೆ, ಬದ್ದಿ, ಸೋಲನ್ ಜಿಲ್ಲೆ, ಹಿಮಾಚಲ ಪ್ರದೇಶ. ಮಾರಾಟಗಾರರು: ನಮ್ಮ ಕಂಪನಿ. ಸಿರಪ್ ನೋಡಿದೆ, ಮುಲಾಮು ನೋಡಿದೆ. ಎಲ್ಲವೂ ಹೊರಗೆ ಮಾಡಿಸಿ ತಂದವು. ಹೀಗೆ ಮಾಡಿಸಿ ಮಾರುವುದು ಕಾನೂನಿಗೆ ಒಪ್ಪಿದ ವ್ಯಾಪಾರವೇ. 2003ರಲ್ಲಿ ಹಿಮಾಚಲಕ್ಕೆ ತೆರಿಗೆ ವಿನಾಯಿತಿ ಕೊಟ್ಟ ಮೇಲೆ ಬದ್ದಿ ಇಂಥ ತಯಾರಿಕೆಯ ದೊಡ್ಡ ಕೇಂದ್ರವಾಯಿತು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಾರ್ಖಾನೆಯೇ ಇಲ್ಲದವರು ಪ್ರೊಡಕ್ಷನ್ ಕೆಮಿಸ್ಟ್ ಬೇಕೆಂದು ಅಚ್ಚು ಹಾಕಿಸಿದರಲ್ಲ, ಅದು ಮೋಸ. ‘ಮೆಡಿಕಲ್ ಪ್ರತಿನಿಧಿ ಬೇಕು’ ಎಂದು ನೇರವಾಗಿ ಬರೆದರೆ ಬರುವವರು ಕಡಿಮೆ ಎಂದು ಅವರಿಗೆ ಗೊತ್ತು.

ಅಪ್ಪನಿಗೆ ಮಾತ್ರ ಮೊದಲಿನಿಂದಲೂ ಅನುಮಾನವಿತ್ತು. ಕಬ್ಬು ಬೆಳೆಯುವವರಿಗೆ ಕಾರ್ಖಾನೆ ಎಂದರೆ ದೂರದಿಂದಲೇ ಕಾಣುವ ಚಿಮಣಿ. ‘ಎಲ್ಲಪ್ಪಾ ನಿನ್ನ ಕಾರ್ಖಾನೆ, ಒಂದು ದಿನ ತೋರಿಸು’ ಎಂದು ಎರಡು ಮೂರು ಸಲ ಕೇಳಿದರು. ಇನ್ನೂ ಕಟ್ಟುತ್ತಿದ್ದಾರೆ ಎಂದೆ. ಸತ್ಯ ತಿಳಿದ ಮೇಲೂ ಅದನ್ನೇ ಹೇಳಿದೆ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಆಗಲೇ ಯಾಕೆ ಬಿಡಲಿಲ್ಲ ಎಂದು ಕೇಳುತ್ತೀರಿ. ಸಂಬಳ ಬರುತ್ತಿತ್ತು, ಬೈಕಿನ ಕಂತು ಇತ್ತು. ಘಟಕ ಮುಂದಿನ ಏಪ್ರಿಲ್‌ಗೆ ಎಂದರು, ಆಮೇಲೆ ದಸರೆಗೆ ಎಂದರು. 2017ರಲ್ಲಿ ಬಿಟ್ಟು ನಂಜನಗೂಡಿನ ಒಂದು ಕಾರ್ಖಾನೆಯ ಸಂದರ್ಶನಕ್ಕೆ ಹೋದೆ. ಅಲ್ಲಿನ ಹಿರಿಯರೊಬ್ಬರು ಡ್ರಾಯರ್‌ನಿಂದ ಒಂದು ಮಾತ್ರೆ ತೆಗೆದು ಬಿಳಿ ಕಾಗದದ ಮೇಲಿಟ್ಟರು. ಅದರ ಮೇಲ್ಭಾಗ ಮುಚ್ಚಳದಂತೆ ಕಳಚಿ ಪಕ್ಕದಲ್ಲಿ ಬಿದ್ದಿತ್ತು. ಕ್ಯಾಪಿಂಗ್ ಎಂದೆ. ಪುಡಿ ಅತಿ ನುಣ್ಣಗಿರಬಹುದು, ತೇವ ಸಾಲದಿರಬಹುದು, ಯಂತ್ರದ ವೇಗ ಹೆಚ್ಚಿರಬಹುದು ಎಂದು ಪುಸ್ತಕದಲ್ಲಿದ್ದುದನ್ನೆಲ್ಲ ಒಪ್ಪಿಸಿದೆ. ಅವರು ಶಾಂತವಾಗಿ, ‘ನೀವು ಯಾವ ಯಂತ್ರದ ಮೇಲೆ ಕೆಲಸ ಮಾಡಿದ್ದೀರಿ?’ ಎಂದರು. ಮದ್ದೂರು, ಮಳವಳ್ಳಿ, ಪಾಂಡವಪುರದ ಯಾವ ವೈದ್ಯರು ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಯಂತ್ರದ ಹೆಸರು ಒಂದೂ ಬರಲಿಲ್ಲ.

ನಷ್ಟದ ಲೆಕ್ಕ ಇಲ್ಲಿದೆ. ಔಷಧ ತಯಾರಿಕೆ ಅರ್ಹ ತಾಂತ್ರಿಕ ಸಿಬ್ಬಂದಿಯ ನೇರ ಮೇಲ್ವಿಚಾರಣೆಯಲ್ಲೇ ನಡೆಯಬೇಕು ಎನ್ನುತ್ತದೆ ಅದೇ ಔಷಧ ನಿಯಮಗಳ ನಿಯಮ 71. ಫಾರ್ಮಸಿ ಪದವೀಧರರು ಆ ಸ್ಥಾನಕ್ಕೆ ಬರಲು ಪದವಿಯ ನಂತರ ತಯಾರಿಕೆಯಲ್ಲೇ ಕನಿಷ್ಠ 18 ತಿಂಗಳ ಪ್ರಾಯೋಗಿಕ ಅನುಭವ ಬೇಕು. ನನ್ನ ಮೂರು ವರ್ಷದಲ್ಲಿ ಅದಕ್ಕೆ ಸಲ್ಲುವ ಒಂದು ದಿನವೂ ಇರಲಿಲ್ಲ. 2014ರಲ್ಲಿ ನಾನು ‘ಗುತ್ತಿಗೆ’ ಎಂದು ಮೂಗು ಮುರಿದು ಬಿಟ್ಟ ಕೆಲಸಕ್ಕೆ ನನ್ನ ಸಹಪಾಠಿ ಸೇರಿದ್ದ. ನಾನು ಅದೇ ರೀತಿಯ ಗುತ್ತಿಗೆ ಕೆಲಸಕ್ಕೆ ಮೊದಲ ದಿನ ಹೋದಾಗ ಅವನು ಶಿಫ್ಟ್ ಮೇಲ್ವಿಚಾರಕನಾಗಿದ್ದ. ಗೌನು ಹಾಕಿಕೊಳ್ಳುವ ಕ್ರಮವನ್ನು ನನಗೆ ಕಲಿಸಿದ್ದು ಅವನೇ.

ಆದ್ದರಿಂದ ನೇರ ನೇಮಕವೋ ಗುತ್ತಿಗೆಯೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸಂಬಳದ ಚೀಟಿಯ ಮೇಲೆ ಯಾರ ಹೆಸರಿದೆ ಎನ್ನುವುದನ್ನು ಆಮೇಲೆ ನೋಡೋಣ. ದಿನಕ್ಕೆ ಎಂಟು ಗಂಟೆ ನೀವು ಎಲ್ಲಿ ನಿಂತಿರುತ್ತೀರಿ ಎಂಬುದನ್ನು ಕೇಳಿ. ನಂಜನಗೂಡಿನವರನ್ನೂ ಕಣ್ಣು ಮುಚ್ಚಿ ನಂಬಬೇಡಿ. ಯಾವ ವಿಭಾಗ, ಪುಡಿಯನ್ನು ಹರಳಾಗಿಸುವ ಗ್ರ್ಯಾನ್ಯುಲೇಷನ್ನೋ, ಮಾತ್ರೆ ಒತ್ತುವ ಕಂಪ್ರೆಷನ್ನೋ, ಪ್ಯಾಕಿಂಗೋ? ಪ್ರತಿ ಬ್ಯಾಚ್ ತಯಾರಾದದ್ದನ್ನು ಬರೆದಿಡುವ ಬ್ಯಾಚ್ ದಾಖಲೆಯಲ್ಲಿ ನನ್ನ ಸಹಿ ಬೀಳುತ್ತದೆಯೇ? ತರಬೇತಿ ದಾಖಲೆ ನನ್ನ ಹೆಸರಿನಲ್ಲಿ ಇರುತ್ತದೆಯೇ? ಹೌದು ಎಂದರೆ 14,000ಕ್ಕೇ ಸೇರಿ, ನಂಜನಗೂಡಿನಲ್ಲಿ ಇಬ್ಬರು ಸೇರಿ ಒಂದು ಕೋಣೆ ಹಿಡಿಯಿರಿ. ಬೆಳಗಿನ ಶಿಫ್ಟಿಗೆ ಮಂಡ್ಯದಿಂದ ಓಡಾಡಲು ಆಗುವುದಿಲ್ಲ. ಬರೀ ಪೆಟ್ಟಿಗೆ ಎತ್ತಿಡುವ ಕೆಲಸವಾದರೆ ಅದೂ ಬೇಡ, ಇನ್ನೊಂದು ಹುಡುಕಿ. ಗುತ್ತಿಗೆದಾರ ಪಿಎಫ್ ಕಟ್ಟುತ್ತಾನೆಯೇ ಎಂದು ಮೊದಲ ತಿಂಗಳಲ್ಲೇ ನೋಡಿಕೊಳ್ಳಿ.

ಪ್ರತಿನಿಧಿಯ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಮಾತು ಬಲ್ಲವರು, ತಿರುಗಾಟ ಇಷ್ಟಪಡುವವರು ಅದರಲ್ಲಿ ಚೆನ್ನಾಗಿ ಬಾಳುತ್ತಿದ್ದಾರೆ. ನಿಮಗೆ ಅದೇ ಬೇಕಿದ್ದರೆ ಗೊತ್ತಿದ್ದು ಸೇರಿ. ಕಾನೂನಿನ ಪ್ರಕಾರ ಮಾರಾಟ ಪ್ರತಿನಿಧಿಗೆ ನೇಮಕಾತಿ ಪತ್ರ ಕೊಡಲೇಬೇಕು, ಅದನ್ನು ಕೇಳಿ ಪಡೆಯಿರಿ. ಪತ್ರದಲ್ಲಿ ‘ಹೆಡ್‌ಕ್ವಾರ್ಟರ್ಸ್: ಮಂಡ್ಯ’ ಎಂದೋ, ‘ಎಕ್ಸ್-ಸ್ಟೇಷನ್ ಭತ್ಯೆ’ (ಹೊರಗಿನ ಊರುಗಳಿಗೆ ಹೋಗಿ ಬರುವುದಕ್ಕೆ ಕೊಡುವ ಹಣ) ಎಂದೋ ಇದ್ದರೆ ಆರು ತಿಂಗಳ ಮಾತು ಸುಳ್ಳು, ಅದು ಫೀಲ್ಡ್ ಕೆಲಸವೇ. ಕಾರ್ಖಾನೆಯಲ್ಲಿ ನಿಲ್ಲುವವರಿಗೆ ಹೆಡ್‌ಕ್ವಾರ್ಟರ್ಸ್ ಇರುವುದಿಲ್ಲ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಎಂದರೆ, ಠೇವಣಿ ಕೇಳಿದರೆ, ಎದ್ದು ಬನ್ನಿ.

ಸಹಿ ಹಾಕುವ ಮೊದಲು ಒಂದು ಕೆಲಸ ಮಾಡಿ. ನಾಳೆ ನಿಮ್ಮೂರಿನ ಮೆಡಿಕಲ್ ಅಂಗಡಿಗೆ ಹೋಗಿ ಆ ಕಂಪನಿಯ ಯಾವುದಾದರೂ ಮಾತ್ರೆ ತೋರಿಸಿ ಎನ್ನಿ. ಹಿಂಭಾಗ ತಿರುಗಿಸಿ. ತಯಾರಕರ ಜಾಗದಲ್ಲಿ ಯಾರ ಹೆಸರಿದೆ, ಊರು ಯಾವುದು, ಪರವಾನಗಿ ಸಂಖ್ಯೆ ಏನು? ನಮ್ಮ ರಾಜ್ಯದ್ದಾದರೆ ಅದು ಸಾಮಾನ್ಯವಾಗಿ ‘ಕೆಟಿಕೆ’ ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುತ್ತದೆ. ಮೂರು ನಾಲ್ಕು ಬೇರೆ ಬೇರೆ ಮಾತ್ರೆ ನೋಡಿ. ಅಲ್ಲಿದ್ದುದನ್ನು ಈ ಉತ್ತರದ ಕೆಳಗೆ ಬರೆಯಿರಿ, ರಾತ್ರಿ ಶಿಫ್ಟ್ ಮುಗಿಸಿ ಬಂದು ನೋಡುತ್ತೇನೆ.